ಡ್ಯೂಟಿ ಚಾರ್ಟ್ ಮತ್ತು ರಾಜೀನಾಮೆ ಪತ್ರ

ಆಸ್ಪತ್ರೆ ಬಿಡುವ ವೈದ್ಯರು ರಾಜೀನಾಮೆ ಪತ್ರದಲ್ಲಿ ಬರೆಯುವ ಕಾರಣ ಹೆಚ್ಚುಕಮ್ಮಿ ಒಂದೇ: ವೈಯಕ್ತಿಕ. ಆಡಳಿತದವರು ಅದನ್ನು ಫೈಲಿಗೆ ಸೇರಿಸುತ್ತಾರೆ, ಜಾಹೀರಾತು ಕೊಡುತ್ತಾರೆ, ಸಂಬಳ ಸಾಲಲಿಲ್ಲವೇನೋ ಎಂದು ಒಂದು ಸಭೆ ನಡೆಸಿ ಮುಂದಿನ ಕೆಲಸ ನೋಡಿಕೊಳ್ಳುತ್ತಾರೆ. ಆದರೆ ಅದೇ ಆಸ್ಪತ್ರೆಯಲ್ಲಿ, ಅದೇ ಸಂಬಳಕ್ಕೆ, ಪಕ್ಕದ ವಿಭಾಗದಲ್ಲಿ ವರ್ಷಗಟ್ಟಲೆ ಅದೇ ಮುಖಗಳು ಇರುತ್ತವೆ. ಈ ವ್ಯತ್ಯಾಸ ಏಕೆ ಎಂದು ತಿಳಿಯಬೇಕಾದರೆ ಎರಡೂ ವಿಭಾಗಗಳ ಕಳೆದ ಆರು ತಿಂಗಳ ಡ್ಯೂಟಿ ಚಾರ್ಟ್ ತರಿಸಿಕೊಂಡು ಅಕ್ಕಪಕ್ಕ ಇಟ್ಟು ಓದಿ. ನೈಟ್ ಡ್ಯೂಟಿ ಯಾರ ಹೆಸರಿಗೆ ಹೆಚ್ಚು ಬಿದ್ದಿದೆ? ಎಷ್ಟು ಕಡೆ ಹೆಸರು ಹೊಡೆದು ಇನ್ನೊಂದು ಹೆಸರು ಬರೆದಿದ್ದಾರೆ? ತಿಂಗಳು ಶುರುವಾಗುವ ಎಷ್ಟು ದಿನ ಮೊದಲು ಚಾರ್ಟ್ ಹೊರಬಿದ್ದಿದೆ? ರಜಾದಿನಗಳ ಎದುರು ವಿಭಾಗದ ಮುಖ್ಯಸ್ಥರ ಹೆಸರು ಒಮ್ಮೆಯಾದರೂ ಇದೆಯೇ? ಕಿರಿಯ ವೈದ್ಯರ ಮಟ್ಟಿಗೆ ನಾಯಕತ್ವ ಎಂದರೆ ಮೊದಲು ಈ ಹಾಳೆ. ಭಾಷಣ, ಧ್ಯೇಯವಾಕ್ಯ, ವಾರ್ಷಿಕೋತ್ಸವದ ಸನ್ಮಾನ ಎಲ್ಲ ಅದರ ಆಮೇಲೆ.

ಮುಖ್ಯಸ್ಥರಿಂದ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದನ್ನು ಅಳೆದು ನೋಡಿದ್ದಾರೆ. ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ 2013ರಲ್ಲಿ 2,800ಕ್ಕೂ ಹೆಚ್ಚು ವೈದ್ಯರು ತಮ್ಮ ನೇರ ಮೇಲಿನವರಿಗೆ ಅಂಕ ಕೊಟ್ಟರು. ಅದರ ವಿಶ್ಲೇಷಣೆ 2015ರಲ್ಲಿ ಪ್ರಕಟವಾಯಿತು. 60 ಅಂಕದ ಅಳತೆಯಲ್ಲಿ ಮುಖ್ಯಸ್ಥರ ಅಂಕ ಒಂದು ಹೆಚ್ಚಿದ್ದ ಕಡೆ ಅವರ ಕೈಕೆಳಗಿನವರು ಬರ್ನ್‌ಔಟ್‌ಗೆ, ಅಂದರೆ ಕೆಲಸದ ಒತ್ತಡದಿಂದ ಬರುವ ತೀವ್ರ ಬಳಲಿಕೆಗೆ, ಸಿಕ್ಕುವ ಸಾಧ್ಯತೆ ಶೇ 3.3ರಷ್ಟು ಕಡಿಮೆ, ಸಂಸ್ಥೆಯ ಬಗ್ಗೆ ತೃಪ್ತಿ ಇರುವ ಸಾಧ್ಯತೆ ಶೇ 9ರಷ್ಟು ಹೆಚ್ಚು. ವಿಭಾಗ ವಿಭಾಗಗಳ ನಡುವೆ ಬರ್ನ್‌ಔಟ್‌ನಲ್ಲಿ ಕಂಡ ಅಂತರದಲ್ಲಿ ಶೇ 11ರಷ್ಟು ಮಾತ್ರ ಮುಖ್ಯಸ್ಥರ ಅಂಕದೊಂದಿಗೆ ಹೊಂದುತ್ತಿತ್ತು. ದಣಿವಿಗೆ ಬೇರೆ ಕಾರಣಗಳೂ ಬೇಕಾದಷ್ಟಿವೆ. ಆದರೆ ಸಂಸ್ಥೆಯ ಮೇಲಿನ ತೃಪ್ತಿಯ ಅಂತರದಲ್ಲಿ ಈ ಪಾಲು ಶೇ 47. ಕೆಲಸ ಎಲ್ಲಿ ಮಾಡಿದರೂ ಕಷ್ಟವೇ, ಆದರೆ ಇಲ್ಲೇ ಮಾಡೋಣ ಅನ್ನಿಸುವುದಕ್ಕೂ ಬೇರೆಲ್ಲಾದರೂ ಮಾಡೋಣ ಅನ್ನಿಸುವುದಕ್ಕೂ ನಡುವೆ ನಿಂತವರು ಯಾರು ಎಂಬುದು ಈ ಎರಡು ಅಂಕಿಗಳಲ್ಲಿ ಗೊತ್ತಾಗುತ್ತದೆ. ವೈದ್ಯರಿಗೆ ಕೇಳಿದ ಪ್ರಶ್ನೆಗಳಲ್ಲಿ ಅಸಾಧಾರಣವಾದದ್ದು ಏನೂ ಇರಲಿಲ್ಲ. ನನ್ನ ಅಭಿಪ್ರಾಯ ಕೇಳುತ್ತಾರೆಯೇ, ಗೌರವದಿಂದ ಮಾತಾಡುತ್ತಾರೆಯೇ, ಬದಲಾವಣೆಗಳನ್ನು ಮೊದಲೇ ತಿಳಿಸುತ್ತಾರೆಯೇ, ಚೆನ್ನಾಗಿ ಮಾಡಿದ್ದನ್ನು ಗುರುತಿಸುತ್ತಾರೆಯೇ, ನನ್ನ ಮುಂದಿನ ಬೆಳವಣಿಗೆ ಬಗ್ಗೆ ಕೂತು ಮಾತಾಡಿದ್ದಾರೆಯೇ. ಮುಖ್ಯಸ್ಥರು ಎಷ್ಟು ದೊಡ್ಡ ಸರ್ಜನ್ ಎಂದು ಯಾರೂ ಕೇಳಲಿಲ್ಲ. ಹೆಚ್ಚಿನ ಕಡೆ ಆ ಕುರ್ಚಿ ಸಿಗುವುದು ಮಾತ್ರ ಅದೇ ಕಾರಣಕ್ಕೆ.

ಮೊದಲು ಲೆಕ್ಕ

ಜನ ಉಳಿಸಿಕೊಳ್ಳುವ ಮಾತು ಶುರುವಾಗಬೇಕಾದದ್ದು ಒಂದು ಸರಳ ಭಾಗಾಕಾರದಿಂದ. ಐಸಿಯುನಲ್ಲೋ ತುರ್ತು ವಿಭಾಗದಲ್ಲೋ ದಿನದ 24 ಗಂಟೆಯೂ ಒಬ್ಬ ವೈದ್ಯರು ಇರಲೇಬೇಕಾದ ಒಂದು ಜಾಗ ಇದೆ ಎಂದುಕೊಳ್ಳಿ. ವಾರಕ್ಕೆ 168 ಗಂಟೆ. ಒಬ್ಬರು ವಾರಕ್ಕೆ 48 ಗಂಟೆ ಮಾಡಿದರೆ ಮೂರೂವರೆ ಜನ ಬೇಕು. ಹಾಗಾಗಿ ನಾಲ್ವರಿದ್ದರೆ ಧಾರಾಳ ಎಂದು ಆಡಳಿತ ಹೇಳುತ್ತದೆ. ತಪ್ಪುವುದು ಇಲ್ಲಿಯೇ. ವರ್ಷಕ್ಕೆ 52 ವಾರ ಎಂದರೆ ಆ ಜಾಗಕ್ಕೆ 8,736 ಗಂಟೆ ಬೇಕು. ಒಬ್ಬ ಮನುಷ್ಯನಿಗೆ ರಜೆ ಇದೆ, ಜ್ವರ ಬರುತ್ತದೆ, ಪರೀಕ್ಷೆ, ತರಬೇತಿ, ಸಮ್ಮೇಳನ ಇರುತ್ತವೆ. ಇವಕ್ಕೆಲ್ಲ ವರ್ಷದಲ್ಲಿ 8 ವಾರ ಕಳೆದರೆ ಉಳಿಯುವುದು 44 ವಾರ, ಅಂದರೆ 2,112 ಗಂಟೆ. ಭಾಗಿಸಿದರೆ 4.14 ಜನ. ದಿನಕ್ಕೆ ಮೂರು ಪಾಳಿ, ಪ್ರತಿ ಬದಲಾವಣೆಯಲ್ಲಿ ಅರ್ಧ ಗಂಟೆ ಹ್ಯಾಂಡ್‌ಓವರ್‌ಗೆ (ರೋಗಿಗಳ ಹೊಣೆಯನ್ನು ಮುಂದಿನ ಪಾಳಿಯವರಿಗೆ ಒಪ್ಪಿಸುವುದಕ್ಕೆ) ಇಬ್ಬರೂ ಒಟ್ಟಿಗಿರಬೇಕು ಎಂದು ಸೇರಿಸಿದರೆ 4.4 ಆಗುತ್ತದೆ. ವಾರಕ್ಕೆ 40 ಗಂಟೆಯ ಲೆಕ್ಕ ಹಿಡಿದರೆ ಹ್ಯಾಂಡ್‌ಓವರ್ ಬಿಟ್ಟೂ ಐವರು ಬೇಕು.

ಈಗ ಆ ನಾಲ್ವರ ಗುಂಪನ್ನೇ ನೋಡೋಣ. ಕಾಗದದ ಮೇಲೆ ಎಲ್ಲ ಸರಿ, ಆದರೆ ರಜೆಗಳನ್ನು ಸೇರಿಸಿ ನೋಡಿದರೆ ಕೆಲಸ ಮಾಡುವ ವಾರಗಳಲ್ಲಿ ತಲಾ 49.6 ಗಂಟೆ ಬೀಳುತ್ತದೆ. ಒಬ್ಬರು ಬಿಟ್ಟರೆ ಉಳಿದ ಮೂವರಿಗೆ 66 ಗಂಟೆ. ಎರಡನೆಯವರೂ ಹೋದರೆ ಉಳಿದಿಬ್ಬರಿಗೆ 99 ಗಂಟೆ. ಎರಡನೆಯ ರಾಜೀನಾಮೆ ಬರುವುದು ಮೊದಲನೆಯದರ ಕಾರಣಕ್ಕೆ, ಮೂರನೆಯದು ಎರಡನೆಯದರ ಕಾರಣಕ್ಕೆ. ಆಡಳಿತದ ದಾಖಲೆಯಲ್ಲಿ ಮಾತ್ರ ಮೂರೂ ಬೇರೆಬೇರೆ ‘ವೈಯಕ್ತಿಕ ಕಾರಣ’ಗಳಾಗಿ ಕೂತಿರುತ್ತವೆ.

ಹೊಸಬರನ್ನು ತರಲು ಜಾಹೀರಾತು, ಸಂದರ್ಶನ, ಅವರ ಹಳೆಯ ಕಡೆಯ ನೋಟಿಸ್ ಅವಧಿ, ಪ್ರಮಾಣಪತ್ರಗಳ ಪರಿಶೀಲನೆ ಎಂದು ಬೇಗವೆಂದರೂ ಮೂರು ನಾಲ್ಕು ತಿಂಗಳು ಹಿಡಿಯುತ್ತದೆ. ಬಂದ ಮೇಲೂ ಮೊದಲ ಕೆಲವು ವಾರ ಅವರನ್ನು ರಾತ್ರಿ ಒಬ್ಬರನ್ನೇ ಬಿಡುವಂತಿಲ್ಲ. ಆದ್ದರಿಂದ ಮೊದಲ ರಾಜೀನಾಮೆ ಕೈಗೆ ಬಂದ ವಾರದಲ್ಲೇ ಮುಖ್ಯಸ್ಥರು ಮಾಡಬೇಕಾದ ಕೆಲಸ ನೇಮಕಾತಿಗಿಂತ ಮೊದಲು ಇನ್ನೊಂದಿದೆ: ಕೆಲಸ ಕಡಿಮೆ ಮಾಡುವುದು. ಮುಂದೂಡಬಹುದಾದ ಶಸ್ತ್ರಚಿಕಿತ್ಸೆಗಳ ಪಟ್ಟಿಯಲ್ಲಿ ವಾರಕ್ಕೆ ಒಂದು ದಿನ ಕತ್ತರಿಸಬೇಕು, ಅಥವಾ ಒಪಿಡಿಯ ಒಂದು ಹೊತ್ತು ಮುಚ್ಚಬೇಕು, ಅಥವಾ ತಾತ್ಕಾಲಿಕವಾಗಿ ಬಂದು ಕೆಲಸ ಮಾಡುವ ಲೋಕಮ್ ವೈದ್ಯರಿಗೆ ಹಣ ಮಂಜೂರು ಮಾಡಿಸಬೇಕು, ಇಲ್ಲವೇ ಹಿರಿಯ ತಜ್ಞರಾದ ಕನ್ಸಲ್ಟೆಂಟ್‌ಗಳೇ ನೈಟ್ ಹಂಚಿಕೊಳ್ಳಬೇಕು. ಇದನ್ನು ಬರವಣಿಗೆಯಲ್ಲಿ, ಕೊನೆಯ ದಿನಾಂಕದ ಸಮೇತ ತಿಳಿಸಬೇಕು. ‘ಒಂದೆರಡು ತಿಂಗಳು ಹೇಗೋ ಅಡ್ಜಸ್ಟ್ ಮಾಡ್ಕೊಳ್ಳಿ’ ಎಂದ ಮುಖ್ಯಸ್ಥರಿಗೆ ಎರಡನೆಯ ಪತ್ರ ಆ ಎರಡು ತಿಂಗಳೊಳಗೇ ಬರುತ್ತದೆ.

ದೀರ್ಘ ಪಾಳಿಯ ಅಪಾಯ ಈಗ ವಾದದ ವಿಷಯವಾಗಿ ಉಳಿದಿಲ್ಲ. ನ್ಯೂಯಾರ್ಕ್‌ನಲ್ಲಿ 1984ರಲ್ಲಿ ಲಿಬ್ಬಿ ಜಿಯಾನ್ ಎಂಬ 18ರ ಯುವತಿ ಆಸ್ಪತ್ರೆ ಸೇರಿದ ಮರುದಿನವೇ ತೀರಿಕೊಂಡಾಗ ಎದ್ದ ಪ್ರಶ್ನೆ, ಅಷ್ಟು ದಣಿದ, ಮೇಲ್ವಿಚಾರಣೆಯಿಲ್ಲದ ಕಿರಿಯ ವೈದ್ಯರ ಕೈಗೆ ರೋಗಿಯನ್ನು ಬಿಡಬಹುದೇ ಎಂಬುದು. ಆ ರಾಜ್ಯ 1989ರಲ್ಲಿ ವಾರಕ್ಕೆ 80 ಗಂಟೆಯ ಮಿತಿ ತಂದಿತು, 2003ರಲ್ಲಿ ಅದು ಅಮೆರಿಕದಾದ್ಯಂತ ಸ್ನಾತಕೋತ್ತರ ತರಬೇತಿಗೆ ಅನ್ವಯವಾಯಿತು. ಯೂರೋಪಿನ ಒಕ್ಕೂಟದಲ್ಲಿ ಮಿತಿ 48 ಗಂಟೆ, ಎರಡು ಪಾಳಿಗಳ ನಡುವೆ ಕನಿಷ್ಠ 11 ಗಂಟೆ ವಿಶ್ರಾಂತಿ. ಐಸಿಯುಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, 24 ಗಂಟೆ ಮೀರಿದ ಪಾಳಿ ಮಾಡುವಾಗ ಇಂಟರ್ನ್‌ಗಳ ಗಂಭೀರ ತಪ್ಪುಗಳು ಕಡಿಮೆ ಗಂಟೆಯ ಪಾಳಿಗಿಂತ ಶೇ 36ರಷ್ಟು ಹೆಚ್ಚಿದ್ದವು. ಮರುವರ್ಷದ ಇನ್ನೊಂದು ಅಧ್ಯಯನದಲ್ಲಿ, ಅಂಥ ಪಾಳಿ ಮುಗಿಸಿ ವಾಹನ ಓಡಿಸಿಕೊಂಡು ಹೋಗುವಾಗ ಅಪಘಾತದ ಸಾಧ್ಯತೆ ಎರಡು ಪಟ್ಟಿಗಿಂತ ಹೆಚ್ಚು ಕಂಡಿತು. ರಾತ್ರಿ ಡ್ಯೂಟಿ ಮುಗಿಸಿದವರನ್ನು ಮನೆಗೆ ಬಿಡುವ ವಾಹನ ಒಂದು ಸವಲತ್ತಲ್ಲ ಎಂದು ಇದರಿಂದಲಾದರೂ ಒಪ್ಪಬೇಕು.

ಚಾರ್ಟ್ ಯಾರು ಹಾಕುತ್ತಾರೆ

ಬಹಳ ಕಡೆ ಡ್ಯೂಟಿ ಚಾರ್ಟ್ ಹಾಕುವ ಕೆಲಸವನ್ನು ಯಾರೋ ಒಬ್ಬ ರೆಸಿಡೆಂಟ್‌ಗೆ, ಅಂದರೆ ತರಬೇತಿಯಲ್ಲಿರುವ ಕಿರಿಯ ವೈದ್ಯರಿಗೆ, ದಾಟಿಸಿಬಿಡುತ್ತಾರೆ. ಅವರ ಬಳಿ ಅಧಿಕಾರವಿಲ್ಲ, ಹೆಚ್ಚುವರಿ ಜನ ಕೇಳುವ ಬಾಯಿಯೂ ಇಲ್ಲ. ಕೊನೆಗೆ ಜೋರು ಮಾಡುವವರಿಗೆ ಒಳ್ಳೆಯ ಪಾಳಿ, ಸುಮ್ಮನಿರುವವರಿಗೆ ಉಳಿದದ್ದು. ಸುಮ್ಮನಿರುವವರು ಬಿಡುವಾಗಲೂ ಸುಮ್ಮನೆ ಬಿಡುತ್ತಾರೆ, ಹಾಗಾಗಿ ಮುಖ್ಯಸ್ಥರಿಗೆ ಅದು ಸಿಡಿಲಿನಂತೆ ಬಂದೆರಗುತ್ತದೆ. ಹಾಕುವವರು ಯಾರೇ ಇರಲಿ, ಸಹಿ ಮುಖ್ಯಸ್ಥರದ್ದಿರಬೇಕು, ದೂರು ಅವರಿಗೇ ಬರಬೇಕು.

ಹಾಕುವ ಕ್ರಮವೂ ಮುಖ್ಯ. ಮೊದಲು ಮಂಜೂರಾದ ರಜೆ ಮತ್ತು ಪರೀಕ್ಷೆಯ ದಿನಗಳನ್ನು ಗುರುತು ಮಾಡಬೇಕು. ಆಮೇಲೆ ನೈಟ್, ಆಮೇಲೆ ವಾರಾಂತ್ಯ, ಆಮೇಲೆ ನೈಟ್ ನಂತರದ ವಿಶ್ರಾಂತಿ. ಹಗಲು ಪಾಳಿಯನ್ನು ತುಂಬುವುದು ಕಟ್ಟಕಡೆಗೆ. ಇದನ್ನು ತಿರುಗಿಸಿ, ಹಗಲಿನಿಂದ ಶುರುಮಾಡಿದರೆ ವಿಶ್ರಾಂತಿಗೆ ಜಾಗವೇ ಉಳಿಯುವುದಿಲ್ಲ. ಸತತ ನೈಟ್ ಮೂರು, ತೀರಾ ಅಂದರೆ ನಾಲ್ಕು. ಪಾಳಿ ಬದಲಾಗುವುದಾದರೆ ಬೆಳಗ್ಗೆಯಿಂದ ಸಂಜೆಗೆ, ಸಂಜೆಯಿಂದ ರಾತ್ರಿಗೆ. ಹಿಂದುಮುಂದಾಗಿ ತಿರುಗಿಸಿದರೆ ದೇಹಕ್ಕೆ ನಿದ್ದೆಯ ಲಯವೇ ಸಿಗದು. ನೈಟ್‌ಗಳ ಸರಣಿ ಮುಗಿದ ಮೇಲೆ ಇಂಗ್ಲೆಂಡಿನ ಕಿರಿಯ ವೈದ್ಯರ ಒಪ್ಪಂದದಲ್ಲಿರುವುದು 46 ಗಂಟೆ ವಿಶ್ರಾಂತಿ. ಇಲ್ಲಿ ನಡೆಯುವ ಹಳೆಯ ಕೈಚಳಕವೊಂದಿದೆ. ಬೆಳಗ್ಗೆ 9ಕ್ಕೆ ನೈಟ್ ಮುಗಿಸಿ ಹೋದ ದಿನವನ್ನೇ ‘ಆಫ್’ ಎಂದು ಬರೆದು ಮರುದಿನ ಬೆಳಗ್ಗೆ 8ಕ್ಕೆ ಕರೆಯುವುದು. ಚಾರ್ಟ್‌ನಲ್ಲಿ ವಾರದ ರಜೆ ಸಿಕ್ಕಿದೆ. ಆ ಮನುಷ್ಯ ಆ ದಿನವೆಲ್ಲ ಮಲಗಿದ್ದಾನೆ ಅಷ್ಟೆ. ತಿಂಗಳಲ್ಲಿ ಹೀಗೆ ನಾಲ್ಕು ಆದರೆ ವಾರದ ರಜೆ ಎಂಬುದೇ ಇಲ್ಲದಂತಾಯಿತು.

ಚಾರ್ಟ್ ಆರು ವಾರ ಮೊದಲೇ ಹೊರಬೀಳಬೇಕು. ಎಳೆಮಕ್ಕಳಿರುವವರು, ವಯಸ್ಸಾದ ತಂದೆತಾಯಿ ನೋಡಿಕೊಳ್ಳುವವರು, ಗಂಡಹೆಂಡತಿ ಇಬ್ಬರೂ ವೈದ್ಯರಾಗಿರುವವರು ಪಾಳಿಯ ಭಾರಕ್ಕಿಂತ ಪಾಳಿಯ ಅನಿಶ್ಚಿತತೆಗೆ ಹೆಚ್ಚು ಸೋಲುತ್ತಾರೆ. ಯಾರಿಗೆ ಎಷ್ಟು ನೈಟ್, ಎಷ್ಟು ಭಾನುವಾರ, ಎಷ್ಟು ಸರ್ಕಾರಿ ರಜಾದಿನ ಬಿದ್ದಿದೆ ಎಂಬ ಒಟ್ಟು ಲೆಕ್ಕ ಎಲ್ಲರಿಗೂ ಕಾಣುವ ಕಡೆ ಇರಬೇಕು. ಇದೊಂದನ್ನು ಮಾಡಿದರೆ ಅರ್ಧ ಜಗಳ ತಾನಾಗಿಯೇ ನಿಲ್ಲುತ್ತದೆ. ಪ್ರತಿ ವಾರ ಒಬ್ಬರ ಹೆಸರನ್ನು ಮೀಸಲು ಎಂದು ಮೊದಲೇ ಬರೆದಿಟ್ಟರೆ, ಯಾರಿಗೋ ಜ್ವರ ಬಂದ ಬೆಳಗ್ಗೆ ಹತ್ತು ಜನಕ್ಕೆ ಫೋನ್ ಮಾಡಿ ಗೋಗರೆಯುವುದು ತಪ್ಪುತ್ತದೆ. ಒಂದೇ ದರ್ಜೆಯ ಇಬ್ಬರು ಪಾಳಿ ಬದಲಿಸಿಕೊಳ್ಳುವುದಕ್ಕೆ ಅರ್ಜಿ, ಶಿಫಾರಸು, ಸಹಿ ಯಾಕೆ? ಒಬ್ಬರಿಗೆ ಒಂದು ಸಂದೇಶ ಸಾಕು. ರಜೆಯ ಅರ್ಜಿಗೆ ಮೂರು ಕೆಲಸದ ದಿನಗಳಲ್ಲಿ ಉತ್ತರ ಕೊಡಬೇಕು. ಇಲ್ಲ ಎನ್ನುವುದಾದರೆ ಕಾರಣದ ಜೊತೆ ಬೇರೆ ದಿನಾಂಕವನ್ನೂ ಕೊಡಬೇಕು. ಎಷ್ಟು ಅರ್ಜಿ ತಿರಸ್ಕಾರವಾಯಿತು ಎಂದು ತಿಂಗಳು ತಿಂಗಳು ಎಣಿಸಿ. ಈ ಸಂಖ್ಯೆ ಏರತೊಡಗಿದ ಮೇಲೆ ರಾಜೀನಾಮೆಗೆ ಹೆಚ್ಚು ಕಾಯಬೇಕಾಗುವುದಿಲ್ಲ.

ಗಂಟೆ ಮೀರಿ ಕೆಲಸ ಮಾಡಿದ್ದನ್ನು ಬರೆದಿಡುವ ವ್ಯವಸ್ಥೆ ಬೇರೆಯದೇ ಪಾಠ. ಇಂಗ್ಲೆಂಡಿನಲ್ಲಿ 2016ರ ಒಪ್ಪಂದದ ನಂತರ ಕಿರಿಯ ವೈದ್ಯರು ಪಾಳಿ ಮೀರಿ ಉಳಿದದ್ದನ್ನು, ಊಟದ ಬಿಡುವು ತಪ್ಪಿದ್ದನ್ನು ದಾಖಲಿಸಬಹುದು. ಅದನ್ನು ನೋಡಲು ಪ್ರತಿ ಆಸ್ಪತ್ರೆ ಸಂಸ್ಥೆಯಲ್ಲಿ ವಿಭಾಗದ ಹೊರಗಿನ ಒಬ್ಬ ಜವಾಬ್ದಾರರಿರುತ್ತಾರೆ. ವಿಭಾಗದ ಹೊರಗಿನವರು ಎಂಬುದೇ ಇಲ್ಲಿ ಜೀವಾಳ. ವರದಿ ನೇರವಾಗಿ ವಿಭಾಗದ ಮುಖ್ಯಸ್ಥರ ಮೇಜಿಗೆ ಹೋಗುವಂತಿದ್ದರೆ ಯಾರೂ ಬರೆಯುವುದಿಲ್ಲ, ಮುಖ್ಯಸ್ಥರು ನಮ್ಮಲ್ಲಿ ಸಮಸ್ಯೆಯೇ ಇಲ್ಲ ಎಂದುಕೊಳ್ಳುತ್ತಾರೆ.

ಹ್ಯಾಂಡ್‌ಓವರ್ ಬಗ್ಗೆ ರೋಗಿಯ ಸುರಕ್ಷತೆಯ ದೃಷ್ಟಿಯಿಂದ ಬೇಕಾದಷ್ಟು ಚರ್ಚೆಯಾಗಿದೆ. ಕಾಯಿಲೆಯ ತೀವ್ರತೆ, ಸಾರಾಂಶ, ಮಾಡಬೇಕಾದ ಕೆಲಸ, ಹೀಗಾದರೆ ಏನು ಮಾಡುವುದು ಎಂಬ ಮುನ್ಸೂಚನೆ, ಕೊನೆಗೆ ಕೇಳಿಸಿಕೊಂಡವರು ತಿರುಗಿ ಹೇಳುವುದು ಎಂಬ ಐದು ಹಂತದ ಐ-ಪಾಸ್ ಕ್ರಮವನ್ನು ಒಂಬತ್ತು ಆಸ್ಪತ್ರೆಗಳಲ್ಲಿ ತಂದಾಗ ವೈದ್ಯಕೀಯ ತಪ್ಪುಗಳು ಶೇ 23ರಷ್ಟು, ತಪ್ಪಿಸಬಹುದಾದ ಹಾನಿ ಶೇ 30ರಷ್ಟು ಇಳಿದವು. ಇದು 2014ರ ವರದಿ. ಅದರಿಂದ ವೈದ್ಯರಿಗಾಗುವ ಲಾಭದ ಮಾತು ಕಡಿಮೆ. ಹ್ಯಾಂಡ್‌ಓವರ್ ಕೆಟ್ಟದ್ದಿದ್ದರೆ ಮನೆಗೆ ಹೋದವರ ಫೋನ್ ಬಡಿದುಕೊಳ್ಳುತ್ತಲೇ ಇರುತ್ತದೆ. ‘ಡಾಕ್ಟ್ರೇ, 12ನೇ ಬೆಡ್‌ಗೆ ಆ್ಯಂಟಿಬಯೋಟಿಕ್ ನಿಲ್ಲಿಸಬೇಕಾ?’ ಆರು ಗಂಟೆ ವಿಶ್ರಾಂತಿಯಲ್ಲಿ ಇಂಥ ನಾಲ್ಕು ಕರೆ ಬಂದರೆ ಅದು ವಿಶ್ರಾಂತಿಯೇ ಅಲ್ಲ. ಆಫ್ ಇದ್ದವರಿಗೆ ಎಷ್ಟು ಕರೆ ಹೋಯಿತು ಎಂದು ಒಂದು ವಾರ ಎಣಿಸಿ ನೋಡಿದರೆ ಯಾವ ಪಾಳಿಯ ಬದಲಾವಣೆ ಸೋರುತ್ತಿದೆ ಎಂದು ಗೊತ್ತಾಗುತ್ತದೆ.

ಬರವಣಿಗೆಯ ಹೊರೆ

ನಾಲ್ಕು ವೈದ್ಯಕೀಯ ಶಾಖೆಗಳ 57 ವೈದ್ಯರ ಪಕ್ಕದಲ್ಲೇ ಕೂತು ಸಮಯ ಅಳೆದ ಅಮೆರಿಕದ ಅಧ್ಯಯನ 2016ರಲ್ಲಿ ಬಂತು. ರೋಗಿಯ ಎದುರು ಕಳೆದ ಪ್ರತಿ ಒಂದು ಗಂಟೆಗೆ ಕಂಪ್ಯೂಟರ್ ಮತ್ತು ಮೇಜಿನ ಕೆಲಸಕ್ಕೆ ಸುಮಾರು ಎರಡು ಗಂಟೆ ಹೋಗುತ್ತಿತ್ತು. ಅದಲ್ಲದೆ ರಾತ್ರಿ ಮನೆಯಲ್ಲಿ ಒಂದೆರಡು ಗಂಟೆ. ಕಾಗದದಲ್ಲೇ ಕೇಸ್ ಶೀಟ್ ಬರೆಯುವ ಆಸ್ಪತ್ರೆಗಳಲ್ಲಿ ಲೆಕ್ಕ ಬೇರೆ ಇರಬಹುದು, ಆದರೆ ಒಂದೇ ವಿವರವನ್ನು ಮೂರು ಕಡೆ ಬರೆಯುವ ಶಿಕ್ಷೆ ಎಲ್ಲ ಕಡೆಯೂ ಇದ್ದದ್ದೇ.

ಇದಕ್ಕೆ ಒಳ್ಳೆಯ ಕೆಲಸದ ಮಾದರಿ ಸಿಕ್ಕಿದ್ದು ಹವಾಯಿಯ ಒಂದು ಆಸ್ಪತ್ರೆ ಸಮೂಹದಿಂದ. ದಾಖಲೆಯಲ್ಲಿ ನಿಮಗೆ ಅರ್ಥಹೀನ ಅನ್ನಿಸುವುದನ್ನೆಲ್ಲ ತಿಳಿಸಿ ಎಂದು ಅವರು ಸಿಬ್ಬಂದಿಯನ್ನೇ ಕೇಳಿದರು. ಬಂದದ್ದನ್ನು ಮೂರಾಗಿ ವಿಂಗಡಿಸಿದರು: ಯಾರೂ ಬೇಕೆಂದೇ ಇಟ್ಟಿರದ ಕೆಲಸ, ಬೇಕಾದದ್ದೇ ಆದರೂ ಸುಲಭ ಮಾಡಬಹುದಾದ ಕೆಲಸ, ಬೇಕೇಬೇಕಾದರೂ ಯಾಕೆಂದು ಸಿಬ್ಬಂದಿಗೆ ಗೊತ್ತಿಲ್ಲದ ಕೆಲಸ. ಮೊದಲನೆಯದನ್ನು ಕಿತ್ತುಹಾಕಿದರು, ಎರಡನೆಯದನ್ನು ತಿದ್ದಿದರು, ಮೂರನೆಯದಕ್ಕೆ ಕಾರಣ ವಿವರಿಸಿದರು. ನರ್ಸ್‌ಗಳು ಗಂಟೆಗೊಮ್ಮೆ ಒತ್ತಬೇಕಿದ್ದ ಒಂದು ಕ್ಲಿಕ್ ತೆಗೆದದ್ದರಿಂದಲೇ ಅವರ ನಾಲ್ಕು ಆಸ್ಪತ್ರೆಗಳಲ್ಲಿ ಸೇರಿ ತಿಂಗಳಿಗೆ ಸುಮಾರು 1,700 ಗಂಟೆ ಉಳಿಯಿತು. ಇದನ್ನು ಯಾವ ವಿಭಾಗದಲ್ಲೂ ಮಾಡಬಹುದು. ಎರಡು ವಾರ ಒಂದು ಪೆಟ್ಟಿಗೆ ಇಡಿ, ಬಂದ ಚೀಟಿಗಳನ್ನು ಮೂರು ಗುಂಪು ಮಾಡಿ, ಮೊದಲ ಗುಂಪಿನಿಂದ ಎರಡನ್ನಾದರೂ ಅದೇ ತಿಂಗಳು ನಿಲ್ಲಿಸಿ. ಎಡವುವುದು ಸಾಮಾನ್ಯವಾಗಿ ಒಂದೇ ಕಡೆ: ಚೀಟಿ ಬರೆಸಿಕೊಂಡು ಆರು ತಿಂಗಳು ಸಮಿತಿಗೆ ಒಪ್ಪಿಸಿಬಿಡುವುದು. ಅದಾದ ಮೇಲೆ ಮತ್ತೊಮ್ಮೆ ಕೇಳಿದರೆ ಯಾರೂ ಬರೆದುಕೊಡುವುದಿಲ್ಲ. ಹೊಸ ಫಾರಂ ಒಂದು ಬರಬೇಕಾದರೆ ಹಳೆಯದೊಂದು ಹೋಗಬೇಕು ಎಂಬ ನಿಯಮವನ್ನು ವಿಭಾಗದ ಮಟ್ಟದಲ್ಲಾದರೂ ಹಿಡಿದು ನಿಲ್ಲುವ ಮುಖ್ಯಸ್ಥರು ಬೇಕು.

ಯೋಗ ಶಿಬಿರ, ಒತ್ತಡ ನಿರ್ವಹಣೆಯ ಉಪನ್ಯಾಸಗಳ ಬಗ್ಗೆ ಒಂದೇ ಮಾತು. ಯೋಗದ ಮೇಲೆ ಯಾರಿಗೂ ದ್ವೇಷವಿಲ್ಲ. ಆದರೆ ವೈದ್ಯರ ಬರ್ನ್‌ಔಟ್ ತಗ್ಗಿಸುವ ಪ್ರಯೋಗಗಳನ್ನೆಲ್ಲ ಒಟ್ಟುಹಾಕಿ ನೋಡಿದ 2017ರ ವಿಶ್ಲೇಷಣೆಯಲ್ಲಿ, ವ್ಯಕ್ತಿಯನ್ನು ಬದಲಿಸಲು ಹೊರಟ ಕ್ರಮಗಳಿಗಿಂತ ಸಂಸ್ಥೆಯ ಕೆಲಸದ ರೀತಿಯನ್ನು ಬದಲಿಸಿದ ಕ್ರಮಗಳ ಫಲವೇ ಹೆಚ್ಚಿತ್ತು. ವಿಶ್ವ ಆರೋಗ್ಯ ಸಂಸ್ಥೆಯೂ 2019ರಲ್ಲಿ ಬರ್ನ್‌ಔಟ್ ಅನ್ನು ಕಾಯಿಲೆ ಎಂದು ಕರೆಯದೆ, ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದ ಪರಿಣಾಮ ಎಂದೇ ವಿವರಿಸಿತು. ನೈಟ್ ಮುಗಿಸಿದವರನ್ನು ಸಂಜೆ 4ರ ಶಿಬಿರಕ್ಕೆ ಕಡ್ಡಾಯವಾಗಿ ಕರೆಸುವ ಆಸ್ಪತ್ರೆಗಳು ಇದನ್ನು ಓದಿಕೊಳ್ಳಬೇಕು.

ರೌಂಡ್ಸ್‌ನಲ್ಲಿ ಬೈಯುವವರು

ಪ್ರತಿ ದೊಡ್ಡ ಆಸ್ಪತ್ರೆಯಲ್ಲೂ ಇಂಥವರೊಬ್ಬರು ಇರುತ್ತಾರೆ. ಕೈಗುಣ ಅದ್ಭುತ, ರೋಗಿಗಳ ಸಾಲು ಉದ್ದ, ಸಂಸ್ಥೆಗೆ ಆದಾಯ ಬೇಕಾದಷ್ಟು. ರೌಂಡ್ಸ್‌ನಲ್ಲಿ ಜೂನಿಯರ್‌ಗಳನ್ನು ರೋಗಿಯ ಎದುರೇ ಹೀಯಾಳಿಸುತ್ತಾರೆ, ಆಪರೇಷನ್ ಥಿಯೇಟರಿನಲ್ಲಿ ಉಪಕರಣ ಎಸೆಯುತ್ತಾರೆ. ‘ಅವರು ಹಾಗೇ, ಮನಸ್ಸು ಒಳ್ಳೇದು’ ಎಂದು ಎಲ್ಲರೂ ಸಮಾಧಾನ ಹೇಳುತ್ತಾರೆ. ಅವರ ಘಟಕದಿಂದ ಮೂರು ವರ್ಷದಲ್ಲಿ ಎಷ್ಟು ಜನ ಹೋದರು, ಅವರ ಜಾಗ ತುಂಬಲು ಎಷ್ಟು ತಿಂಗಳು ಖಾಲಿ ಬಿತ್ತು, ಅಷ್ಟೂ ಕಾಲ ಲೋಕಮ್‌ಗೆ ಎಷ್ಟು ಖರ್ಚಾಯಿತು ಎಂಬ ಲೆಕ್ಕ ಮಾತ್ರ ಅವರ ಆದಾಯದ ಪಕ್ಕದಲ್ಲಿ ಯಾರೂ ಬರೆಯುವುದಿಲ್ಲ.

ಇದನ್ನು ಎದುರಿಸುವುದಕ್ಕೆ ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದವರು ರೂಪಿಸಿದ ಮೆಟ್ಟಿಲುಗಳು ಬಳಕೆಗೆ ಯೋಗ್ಯ. ಮೊದಲ ದೂರಿಗೆ ಸಮಾನ ದರ್ಜೆಯ ಸಹೋದ್ಯೋಗಿಯೊಬ್ಬರು ಖಾಸಗಿಯಾಗಿ ಭೇಟಿಯಾಗಿ ಇಂಥ ಮಾತು ಕೇಳಿಬಂತು ಎಂದಷ್ಟೇ ತಿಳಿಸುವುದು. ವಿಚಾರಣೆ ಇಲ್ಲ, ತೀರ್ಪೂ ಇಲ್ಲ. ಬಹಳ ಜನ ಇಷ್ಟಕ್ಕೇ ತಿದ್ದಿಕೊಳ್ಳುತ್ತಾರೆ. ಅದೇ ಮರುಕಳಿಸಿದರೆ ದಾಖಲೆಗಳನ್ನು ಮುಂದಿಟ್ಟು ಇದೊಂದು ಅಭ್ಯಾಸವಾಗಿದೆ ಎಂದು ತೋರಿಸುವುದು. ಆಮೇಲೂ ನಿಲ್ಲದಿದ್ದರೆ ಅಧಿಕಾರದಲ್ಲಿರುವವರು ಲಿಖಿತ ಯೋಜನೆ ಮತ್ತು ಗಡುವು ಕೊಡುವುದು, ಕೊನೆಯದಾಗಿ ಶಿಸ್ತುಕ್ರಮ. ಮೊದಲ ಮೆಟ್ಟಿಲನ್ನು ಘಟನೆಯ ವಾರದೊಳಗೆ ಹತ್ತಬೇಕು. ತಿಂಗಳು ಬಿಟ್ಟು ಹೇಳಿದರೆ ಅವರಿಗೆ ನೆನಪಿರುವುದಿಲ್ಲ, ಬೈಸಿಕೊಂಡವರು ಅಷ್ಟರಲ್ಲಿ ಬೇರೆ ಕಡೆ ಸಂದರ್ಶನ ಕೊಟ್ಟು ಬಂದಿರುತ್ತಾರೆ. ದೂರು ಕೊಟ್ಟವರ ಹೆಸರು ಹೊರಬಂದರೆ ಎಲ್ಲ ಮೆಟ್ಟಿಲೂ ಕುಸಿಯುತ್ತದೆ ಎಂಬುದನ್ನು ಬೇರೆ ಹೇಳಬೇಕಿಲ್ಲ.

ತಪ್ಪಾದ ದಿನ, ಗಲಾಟೆಯಾದ ದಿನ

ವೈದ್ಯರೊಬ್ಬರು ಇಲ್ಲಿ ಉಳಿಯಬೇಕೋ ಬೇಡವೋ ಎಂದು ತೀರ್ಮಾನಿಸುವುದು ಎಷ್ಟೋ ಸಲ ಒಂದೇ ದಿನದಲ್ಲಿ. ಔಷಧದ ಪ್ರಮಾಣ ತಪ್ಪಿದೆ, ರೋಗಿಗೆ ಹಾನಿಯಾಗಿದೆ. ಹೀಗೆ ತಪ್ಪಿನ ಭಾರ ಹೊತ್ತು ಕುಗ್ಗುವ ವೈದ್ಯರನ್ನು ಆಲ್ಬರ್ಟ್ ವೂ 2000ದಲ್ಲಿ ಎರಡನೆಯ ಬಲಿಪಶು ಎಂದು ಕರೆದರು. ಆ ಹೊತ್ತಿಗೆ ಮುಖ್ಯಸ್ಥರು ಮಾಡಬೇಕಾದದ್ದು ಬಹಳ ನಿರ್ದಿಷ್ಟ. ಮೊದಲು ರೋಗಿಯ ಚಿಕಿತ್ಸೆ ಮತ್ತೊಬ್ಬ ಹಿರಿಯರ ಕೈಗೆ ಹೋಗಬೇಕು. ತಪ್ಪಾದವರನ್ನು ಆ ಪಾಳಿಯ ಉಳಿದ ಅವಧಿಗೆ ಬಿಡುವು ಮಾಡಿ, ಅದನ್ನು ಶಿಕ್ಷೆಯಂತಲ್ಲದೆ ಮಾಮೂಲಿ ಕ್ರಮದಂತೆ ಹೇಳಿ, ಜೊತೆಗೆ ಒಬ್ಬರನ್ನು ಬಿಡಬೇಕು. ರೋಗಿಯ ಮನೆಯವರೊಂದಿಗೆ ಮಾತಾಡಲು ಕಿರಿಯರನ್ನು ಒಬ್ಬರನ್ನೇ ಕಳಿಸಲೇಬಾರದು. ಹಿರಿಯರು ಕೂತು, ಆದದ್ದನ್ನು ಮುಚ್ಚಿಡದೆ ತಿಳಿಸಬೇಕು. ಲಿಖಿತ ಹೇಳಿಕೆ ಬೇಕು, ಆದರೆ ಅದೇ ಗಂಟೆಯಲ್ಲಿ ಕೈ ನಡುಗುತ್ತಿರುವಾಗ ಬರೆಸಿಕೊಂಡದ್ದರಿಂದ ಸತ್ಯವೂ ಸರಿಯಾಗಿ ಸಿಗುವುದಿಲ್ಲ. ಘಟನೆಯ ಸಮಯಗಳನ್ನಷ್ಟೇ ಗುರುತು ಹಾಕಿಸಿ, ವಿವರ ಮರುದಿನ ಪಡೆಯಬಹುದು. ಮೂರನೆಯ ದಿನ ಮತ್ತೊಮ್ಮೆ ಮಾತಾಡಿಸಬೇಕು. ಮೊದಲ ದಿನ ಎಲ್ಲರೂ ಬೆನ್ನು ತಟ್ಟುತ್ತಾರೆ, ಮೂರನೆಯ ದಿನ ಯಾರೂ ಇರುವುದಿಲ್ಲ.

ರೋಗಿಯ ಕಡೆಯವರು ಕೈಮಾಡಿದ ದಿನದ ಪರೀಕ್ಷೆ ಇನ್ನೂ ನೇರ. ಮುಖ್ಯಸ್ಥರು ಫೋನಿನಲ್ಲಿ ವಿಚಾರಿಸಿದರೇ, ಸ್ವತಃ ಬಂದರೇ? ಪೊಲೀಸರಿಗೆ ದೂರು ಆಸ್ಪತ್ರೆಯ ಹೆಸರಿನಲ್ಲಿ ಹೋಯಿತೇ, ಪೆಟ್ಟು ತಿಂದವರೇ ಒಬ್ಬರೇ ಠಾಣೆಗೆ ಅಲೆದರೇ? ‘ನೀನು ಸರಿಯಾಗಿ ಮಾತಾಡಿದ್ದರೆ ಇಷ್ಟಾಗುತ್ತಿರಲಿಲ್ಲ’ ಎಂಬ ಮಾತು ಆ ರಾತ್ರಿ ಯಾರ ಬಾಯಿಂದಲಾದರೂ ಬಂದರೆ, ಅದನ್ನು ಕೇಳಿಸಿಕೊಂಡ ಅಷ್ಟೂ ಜನ ತಮ್ಮ ಬಯೋಡೇಟಾ ತಿದ್ದಲು ಕೂರುತ್ತಾರೆ.

ಸಂಬಳ, ಬಾಂಡ್, ಮಾತುಕತೆ

ಸಂಬಳ ಮುಖ್ಯವಲ್ಲ ಎನ್ನುವವರು ಸಾಮಾನ್ಯವಾಗಿ ಒಳ್ಳೆಯ ಸಂಬಳ ಇರುವವರು. ಸುತ್ತಲಿನ ಆಸ್ಪತ್ರೆಗಳಿಗಿಂತ ತೀರಾ ಕಡಿಮೆ ಇದ್ದರೆ ಬೇರೆ ಯಾವ ಉಪಾಯವೂ ನಡೆಯದು. ಅದನ್ನು ದಾಟಿದ ಮೇಲೆ ಜನರನ್ನು ಕೆರಳಿಸುವುದು ಮೊತ್ತಕ್ಕಿಂತ ತಾರತಮ್ಯ: ಐದು ವರ್ಷ ಇದ್ದವರಿಗಿಂತ ನಿನ್ನೆ ಬಂದವರಿಗೆ ಹೆಚ್ಚು ಕೊಟ್ಟದ್ದು. ಇದು ಎಂದಾದರೂ ಗೊತ್ತಾಗದೆ ಇರುವುದಿಲ್ಲ. ಉಳಿದರೆ ಇಷ್ಟು ಎಂದು ಕೊಡುವ ಬೋನಸ್ ಮತ್ತು ಇಷ್ಟು ವರ್ಷ ಬಿಡುವುದಿಲ್ಲ ಎಂದು ಬರೆಸಿಕೊಳ್ಳುವ ಬಾಂಡ್ ಎರಡರ ಗುಣವೂ ಒಂದೇ, ಹೋಗುವ ದಿನಾಂಕವನ್ನು ನಿಗದಿ ಮಾಡುವುದು. ಬಾಂಡ್ ಮುಗಿದ ತಿಂಗಳಲ್ಲಿ ಒಟ್ಟಿಗೆ ನಾಲ್ವರು ಹೋದರೆ, ನಡುವೆ ಒಬ್ಬೊಬ್ಬರಾಗಿ ಹೋಗಿದ್ದರೆ ಆಗುತ್ತಿದ್ದುದಕ್ಕಿಂತ ಹೊಡೆತ ದೊಡ್ಡದು.

ಆ ಅವಧಿಯಲ್ಲಿ ಕೂತು ಮಾತಾಡಿದ್ದರೆ ಹೆಚ್ಚು ಪ್ರಯೋಜನವಿತ್ತು. ಪ್ರತಿಯೊಬ್ಬರೊಂದಿಗೂ ವರ್ಷಕ್ಕೆ ಎರಡು ಸಲ, ಅರ್ಧ ಗಂಟೆ, ಬಾಗಿಲು ಹಾಕಿಕೊಂಡು, ಫೋನ್ ಪಕ್ಕಕ್ಕಿಟ್ಟು. ಕೆಲಸದಲ್ಲಿ ಯಾವ ಭಾಗ ನಿಮಗೆ ಹಿಡಿಸುತ್ತದೆ? ಯಾವುದು ವ್ಯರ್ಥ ಅನ್ನಿಸುತ್ತದೆ? ಕಳೆದ ಮೂರು ತಿಂಗಳಲ್ಲಿ ಬಿಟ್ಟುಬಿಡೋಣ ಅನ್ನಿಸಿದ್ದು ಯಾವಾಗ? ಎರಡು ವರ್ಷದ ಮೇಲೆ ಏನು ಮಾಡುತ್ತಿರಬೇಕು ಅಂದುಕೊಂಡಿದ್ದೀರಿ? ಮೊದಲ ಪ್ರಶ್ನೆಗೆ ಬೆಲೆ ಇದೆ. ಬೋಧಕ ವೈದ್ಯರ ಮೇಲಿನ 2009ರ ಅಧ್ಯಯನದಲ್ಲಿ, ತಮಗೆ ಅತ್ಯಂತ ಅರ್ಥಪೂರ್ಣವೆನಿಸಿದ ಕೆಲಸಕ್ಕೆ ಶೇ 20ಕ್ಕಿಂತ ಕಡಿಮೆ ಸಮಯ ಸಿಕ್ಕವರಲ್ಲಿ ಬರ್ನ್‌ಔಟ್ ಶೇ 54 ಇತ್ತು, ಅದಕ್ಕಿಂತ ಹೆಚ್ಚು ಸಿಕ್ಕವರಲ್ಲಿ ಶೇ 30. ಅಂದರೆ ವಾರದಲ್ಲಿ ಒಂದು ದಿನ. ಒಬ್ಬರಿಗೆ ಅದು ಪಾಠ ಮಾಡುವುದಿರಬಹುದು, ಇನ್ನೊಬ್ಬರಿಗೆ ಎಂಡೋಸ್ಕೋಪಿ, ಮತ್ತೊಬ್ಬರಿಗೆ ಸಂಶೋಧನೆ. ಎಲ್ಲರಿಗೂ ಒಂದೇ ಕೊಡಬೇಕಿಲ್ಲ, ಕೇಳಿ ತಿಳಿದುಕೊಳ್ಳಬೇಕು. ಮಾತು ಮುಗಿಸುವಾಗ ನಾನು ಇಂಥದ್ದನ್ನು ಇಂಥ ದಿನದೊಳಗೆ ಮಾಡುತ್ತೇನೆ ಎಂದು ಒಂದೇ ಒಂದು ಭರವಸೆ ಕೊಡಬೇಕು, ಎರಡು ವಾರದಲ್ಲಿ ಆಯಿತು ಅಥವಾ ಆಗಲಿಲ್ಲ ಎಂದು ತಿಳಿಸಬೇಕು. ಆಗಲಿಲ್ಲ ಎಂಬ ಉತ್ತರವನ್ನೂ ಜನ ಸಹಿಸುತ್ತಾರೆ.

ನಲವತ್ತು ಜನರಿಗೆ ಒಬ್ಬರೇ ಮುಖ್ಯಸ್ಥರಿದ್ದರೆ ಇದು ಆಗದ ಮಾತು. ಮಾತುಕತೆಗೇ ವರ್ಷಕ್ಕೆ 40 ಗಂಟೆ, ಕೊಟ್ಟ ಮಾತು ನಡೆಸಲು ಅದರ ಎರಡು ಪಟ್ಟು. ಹತ್ತು ಹದಿನೈದು ಜನಕ್ಕೆ ಒಬ್ಬರಂತೆ ಉಪಮುಖ್ಯಸ್ಥರಿರಬೇಕು, ಅವರಿಗೆ ವಾರದಲ್ಲಿ ಅರ್ಧ ದಿನವಾದರೂ ರೋಗಿಗಳಿಲ್ಲದ ಸಮಯ ಕೊಡಬೇಕು. ಒಪಿಡಿ ಮುಗಿಸಿ ಸಂಜೆ ಆರರ ಮೇಲೆ ನಾಯಕತ್ವ ಮಾಡಿ ಎಂದರೆ ಅವರೇ ಮೊದಲು ಬಿಟ್ಟು ಹೋಗುತ್ತಾರೆ. ಮುಖ್ಯಸ್ಥರ ಅವಧಿ ಮೂರರಿಂದ ಐದು ವರ್ಷ, ಆಮೇಲೆ ಕೈಕೆಳಗಿನವರ ಅಭಿಪ್ರಾಯ ಪಡೆದು ಮುಂದುವರಿಕೆ. ನಿವೃತ್ತಿಯವರೆಗೂ ಒಬ್ಬರೇ ಎಂಬ ಪದ್ಧತಿಯಲ್ಲಿ, ಎರಡನೆಯ ಸಾಲಿನ ಒಳ್ಳೆಯವರು ಕಾಯುವುದಿಲ್ಲ.

ಅಳೆಯುವಾಗ ಇಡೀ ಆಸ್ಪತ್ರೆಯ ಸರಾಸರಿ ನೋಡಿ ಪ್ರಯೋಜನವಿಲ್ಲ. 20 ಜನರಲ್ಲಿ ವರ್ಷಕ್ಕೆ ನಾಲ್ವರು ಹೋದರೆ ಶೇ 20. ಆದರೆ ನಾಲ್ಕು ಬೇರೆಬೇರೆ ಹುದ್ದೆಗಳಿಂದ ಹೋದರೋ, ಎರಡೇ ಹುದ್ದೆಗಳಿಂದ ಎರಡೆರಡು ಸಲವೋ? ಎರಡನೆಯದಾದರೆ ರೋಗ ಆ ಹುದ್ದೆಯಲ್ಲಿದೆ. ಎಂಥವರನ್ನು ತಂದರೂ ನಿಲ್ಲುವುದಿಲ್ಲ. ಸೇರಿದ ಮೊದಲ ವರ್ಷದೊಳಗೆ ಹೋದವರನ್ನು ಬೇರೆ ಎಣಿಸಬೇಕು, ಏಕೆಂದರೆ ಅವರ ಕಾರಣಗಳು ಬೇರೆ: ಹೇಳಿದ ಕೆಲಸ ಒಂದು ಕೊಟ್ಟದ್ದು ಇನ್ನೊಂದು, ಮೊದಲ ವಾರದಲ್ಲೇ ನೈಟ್‌ಗೆ ಒಂಟಿಯಾಗಿ ಬಿಟ್ಟದ್ದು, ಲಾಗಿನ್ ಮತ್ತು ಗುರುತಿನ ಚೀಟಿ ಬರುವಷ್ಟರಲ್ಲಿ ತಿಂಗಳಾದದ್ದು.

ಹೋಗುವವರನ್ನು ನಡೆಸಿಕೊಳ್ಳುವ ರೀತಿ ಉಳಿದವರಿಗೆ ಕಾಣುತ್ತಿರುತ್ತದೆ. ನೋಟಿಸ್ ಅವಧಿಯಲ್ಲಿ ನೈಟ್ ಸುರಿಯುವುದು, ಅನುಭವ ಪತ್ರಕ್ಕೆ ಅಲೆದಾಡಿಸುವುದು ಬಹಳ ಕಡೆ ಮಾಮೂಲು. ಅದರ ಬೆಲೆ ತೆರುವುದು ಮುಂದಿನ ನೇಮಕಾತಿಯಲ್ಲಿ, ವೈದ್ಯರು ಸೇರುವ ಮೊದಲು ಹಳಬರಿಗೆ ಒಂದು ಫೋನ್ ಮಾಡಿಯೇ ಮಾಡುತ್ತಾರೆ. ಕೊನೆಯ ದಿನದ ಸಂದರ್ಶನದಲ್ಲಿ ನಿಜ ಹೊರಬರುವುದಿಲ್ಲ, ಶಿಫಾರಸು ಪತ್ರ ಇನ್ನೂ ಕೈಗೆ ಬಂದಿರುವುದಿಲ್ಲ. ಮೂರು ತಿಂಗಳು ಬಿಟ್ಟು, ವಿಭಾಗಕ್ಕೆ ಸಂಬಂಧವಿಲ್ಲದ ಯಾರಾದರೂ ಕರೆ ಮಾಡಲಿ. ಯಾಕೆ ಬಿಟ್ಟಿರಿ ಎಂದು ಕೇಳಿದರೆ ಸಂಬಳ, ದೂರ, ಮನೆ ಎಂದೇ ಉತ್ತರ ಬರುತ್ತದೆ. ಬಿಡಬೇಕು ಅಂತ ಮೊದಲ ಸಲ ಅನ್ನಿಸಿದ್ದು ಯಾವ ತಿಂಗಳು, ಆ ವಾರ ಏನಾಗಿತ್ತು ಎಂದು ಕೇಳಬೇಕು. ಆ ವಾರ ರಾಜೀನಾಮೆ ಪತ್ರದ ದಿನಾಂಕಕ್ಕಿಂತ ಸಾಮಾನ್ಯವಾಗಿ ಬಹಳ ಹಿಂದಿನದಾಗಿರುತ್ತದೆ.